ಆರ್ಚ್‌ಬಿಷಪ್ಪೂ ಅವರೇ, ಅಧ್ಯಕ್ಷರೂ ಅವರೇ: ಸೈಪ್ರಸ್‌ನ ಮಕಾರಿಯೋಸ್ ಮಾಡಿದ್ದು ಸರಿಯಾ?

ಓದುಬಾಕ (ಚರ್ಚೆ ಆರಂಭಿಸಿದವರು)

ಧರ್ಮಗುರು ರಾಜಕೀಯಕ್ಕೆ ಬರಬಹುದಾ ಅನ್ನುವ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಸೈಪ್ರಸ್‌ನ ಮೂರನೇ ಮಕಾರಿಯೋಸ್. ಆರ್ಥೊಡಾಕ್ಸ್ ಚರ್ಚಿನ ಆರ್ಚ್‌ಬಿಷಪ್. 1960ರಲ್ಲಿ ಸ್ವತಂತ್ರವಾದ ದೇಶದ ಮೊದಲ ಅಧ್ಯಕ್ಷ. 1977ರಲ್ಲಿ ಸಾಯುವವರೆಗೂ ಎರಡೂ ಪಟ್ಟ ಅವರದೇ. ಕಪ್ಪು ನಿಲುವಂಗಿ, ತಲೆ ಮೇಲೆ ಎತ್ತರದ ಟೋಪಿ, ಅದೇ ವೇಷದಲ್ಲಿ ವಿಶ್ವಸಂಸ್ಥೆಗೂ ಹೋಗಿ ಭಾಷಣ ಮಾಡುತ್ತಿದ್ದರು.

ಹುಟ್ಟಿದ್ದು 1913ರಲ್ಲಿ, ಪಾಫೋಸ್ ಜಿಲ್ಲೆಯ ಪಾನಯಿಯಾ ಅನ್ನುವ ಬೆಟ್ಟದ ಹಳ್ಳಿಯಲ್ಲಿ. ಹೆಸರು ಮಿಖಾಯಿಲ್ ಮೂಸ್ಕೋಸ್. ಅಪ್ಪ ಕುರಿ ಕಾಯುವವರು. ಹದಿಮೂರು ವರ್ಷಕ್ಕೆ ಕಿಕ್ಕೋಸ್ ಮಠ ಸೇರಿದರು. ಮಠದವರೇ ಓದಿಸಿದರು. ನಿಕೋಸಿಯಾದಲ್ಲಿ ಶಾಲೆ, ಅಥೆನ್ಸ್‌ನಲ್ಲಿ ಧರ್ಮಶಾಸ್ತ್ರ, ಆಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಬಾಸ್ಟನ್. ಅಲ್ಲಿ ಓದುತ್ತಿರುವಾಗಲೇ, 1948ರಲ್ಲಿ, ಊರಿನವರು ಅವರನ್ನು ಕಿಟಿಯಾನ್‌ನ ಬಿಷಪ್ ಆಗಿ ಆರಿಸಿಬಿಟ್ಟರು. 1950ರಲ್ಲಿ ಆರ್ಚ್‌ಬಿಷಪ್. ಆಗ ವಯಸ್ಸು ಬರೀ 37.

ನನ್ನ ಪ್ರಶ್ನೆ ನೇರ. ಬ್ರಿಟಿಷರ ವಿರುದ್ಧ ಜನರನ್ನು ಒಟ್ಟು ಮಾಡಿದ್ದು ಅವರ ಆ ನಿಲುವಂಗಿಯೇ. ಸ್ವಾತಂತ್ರ್ಯ ಬಂದ ಮೇಲೂ ಅದನ್ನು ತೊಟ್ಟೇ ಅಧ್ಯಕ್ಷರಾಗಿದ್ದು ಸರಿಯಾ? ಆ ದ್ವೀಪದಲ್ಲಿ ಗ್ರೀಕರು ಸುಮಾರು 80 ಶೇಕಡಾ, ತುರ್ಕಿ ಮುಸ್ಲಿಮರು 18 ಶೇಕಡಾ ಇದ್ದರು. ಒಂದು ಸಮುದಾಯದ ಧರ್ಮಗುರು ಎರಡೂ ಸಮುದಾಯದ ಅಧ್ಯಕ್ಷ ಆಗಬಹುದಿತ್ತಾ? ನನ್ನ ಅಭಿಪ್ರಾಯ: ಆಗಬಾರದಿತ್ತು. ಆದರೆ ಅವರ ಮೇಲೆ ನನಗೆ ತುಂಬಾ ಗೌರವ ಇದೆ. ನೀವೇನಂತೀರಿ?

ಮೈಸೂರು ವಾಣಿ

ಆಗಬಾರದಿತ್ತು ಅಂದರೆ ಬೇರೆ ಯಾರು ಆಗಬೇಕಿತ್ತು ಸರ್? ಆ ದ್ವೀಪದಲ್ಲಿ ಗ್ರೀಕರಿಗೆ ಇದ್ದ ಒಂದೇ ಸಂಸ್ಥೆ ಚರ್ಚು. ಆಟೊಮನ್ನರ ಕಾಲದಲ್ಲಿ ಕ್ರೈಸ್ತರ ಪರವಾಗಿ ಸುಲ್ತಾನನ ಮುಂದೆ ನಿಲ್ಲುತ್ತಿದ್ದವರು ಆರ್ಚ್‌ಬಿಷಪ್ಪೇ. ತೆರಿಗೆ ಲೆಕ್ಕ ಕೂಡ ಅವರ ಕೈಯಲ್ಲಿತ್ತು. 1821ರಲ್ಲಿ ಗ್ರೀಸ್‌ನಲ್ಲಿ ದಂಗೆ ಎದ್ದಾಗ ಸೈಪ್ರಸ್ಸಿನಲ್ಲಿ ಗಲ್ಲಿಗೇರಿಸಿದ್ದು ಯಾರನ್ನು? ಆರ್ಚ್‌ಬಿಷಪ್ ಕಿಪ್ರಿಯಾನೋಸ್ ಅವರನ್ನು. ಯಾಕೆಂದರೆ ಜನನಾಯಕ ಅಂತ ಇದ್ದಿದ್ದೇ ಅವರು. ಆ ಪೀಠಕ್ಕೆ ರಾಜಕೀಯ ಮಕಾರಿಯೋಸ್ ಜೊತೆ ಬಂದಿದ್ದಲ್ಲ. ಅವರು ಅದನ್ನು ಪೀಠದ ಜೊತೆಗೇ ಪಡೆದರು.

ದಾವಣಗೆರೆ ಮೇಷ್ಟ್ರು

ವಾಣಿ ಮೇಡಂ ಹೇಳಿದ್ದು ಸರಿ. ಇನ್ನೂ ಹಿಂದಕ್ಕೆ ಹೋಗಬಹುದು. ಸೈಪ್ರಸ್ ಚರ್ಚಿಗೆ ಕ್ರಿ.ಶ. 431ರ ಎಫೆಸಸ್ ಸಭೆಯಲ್ಲೇ ಸ್ವತಂತ್ರ ಸ್ಥಾನ ಸಿಕ್ಕಿತು. ಅಂತಿಯೋಕ್‌ನ ಹಿರಿತನಕ್ಕೆ ತಲೆಬಾಗಬೇಕಿಲ್ಲ ಅಂತ. ಅದೇ ಶತಮಾನದ ಕೊನೆಗೆ ಜೆನೋ ಚಕ್ರವರ್ತಿ ಅಲ್ಲಿನ ಆರ್ಚ್‌ಬಿಷಪ್‌ಗೆ ಮೂರು ಮರ್ಯಾದೆ ಕೊಟ್ಟ ಅನ್ನುತ್ತಾರೆ: ಕೆಂಪು ಶಾಯಿಯಲ್ಲಿ ಸಹಿ, ನೇರಳೆ ಬಣ್ಣದ ಮೇಲಂಗಿ, ರಾಜದಂಡ. ಮಕಾರಿಯೋಸ್ ಕೂಡ ಕೆಂಪು ಶಾಯಿಯಲ್ಲೇ ಸಹಿ ಹಾಕುತ್ತಿದ್ದರು. ರಾಜನಿಗೆ ಸೇರಿದ ಗುರುತುಗಳು ಆ ಪೀಠಕ್ಕೆ ಸಾವಿರದ ಐನೂರು ವರ್ಷದಿಂದ ಇವೆ. ಪೀಠದ ಮೇಲೆ ಕೂತವರು ಪ್ರಾರ್ಥನೆ ಮಾತ್ರ ಮಾಡಿ ಸುಮ್ನೆ ಇರಬೇಕು ಅಂದರೆ ಅಲ್ಲಿನ ಜನಕ್ಕೇ ಅದು ಅರ್ಥ ಆಗುತ್ತಿರಲಿಲ್ಲ.

ಕಾನೂನು ಕಣ್ಣು

ಚರಿತ್ರೆ ಏನೇ ಇರಲಿ, ಚರ್ಚಿನ ಕಾನೂನು ಬೇರೆ ಹೇಳುತ್ತದೆ. ಅಪೊಸ್ತಲರ ನಿಯಮಾವಳಿ ಅಂತ ಇದೆ. ಅದರ ಆರನೆಯ ನಿಯಮ: ಬಿಷಪ್ ಆದವನು ಲೌಕಿಕ ಜವಾಬ್ದಾರಿ ಹೊರಬಾರದು, ಹೊತ್ತರೆ ಪದಚ್ಯುತಿ. 81ನೆಯದು ಇನ್ನೂ ನೇರ, ಸರ್ಕಾರಿ ಆಡಳಿತಕ್ಕೆ ಇಳಿಯಬೇಡ ಅನ್ನುತ್ತದೆ. ನಿಯಮದಲ್ಲಿ ಸಂದಿ ಇಲ್ಲ. ಇದನ್ನೇ ಹಿಡಿದು 1972ರಲ್ಲಿ ಅವರ ಚರ್ಚಿನ ಮೂವರು ಬಿಷಪ್ಪರು, ಪಾಫೋಸ್, ಕಿಟಿಯಾನ್, ಕೈರೇನಿಯಾದವರು, ಅಧ್ಯಕ್ಷ ಪದವಿ ಬಿಡಿ ಅಂತ ಕೇಳಿದರು. ಬಿಡಲಿಲ್ಲ. 1973ರ ಮಾರ್ಚ್‌ನಲ್ಲಿ ಅವರನ್ನು ಪೀಠದಿಂದ ಇಳಿಸಿದ್ದೇವೆ ಅಂತ ಘೋಷಿಸಿದರು.

ಮೈಸೂರು ವಾಣಿ

ಪೂರ್ತಿ ಹೇಳಿ ಸರ್. ಅದೇ ಜುಲೈನಲ್ಲಿ ಅಲೆಕ್ಸಾಂಡ್ರಿಯಾ, ಅಂತಿಯೋಕ್ ಪೀಠದ ಪೇಟ್ರಿಯಾರ್ಕರು, ಅಂದರೆ ಅತ್ಯುನ್ನತ ಬಿಷಪ್ಪರು, ಬಂದು ದೊಡ್ಡ ಸಭೆ ಸೇರಿತು. ಆ ಘೋಷಣೆ ಸಲ್ಲದು ಅಂದರು. ಇಳಿಸಲು ಹೊರಟ ಮೂವರನ್ನೇ ಪದವಿಯಿಂದ ಇಳಿಸಿದರು. ಚರ್ಚಿನ ಕಾನೂನನ್ನು ಅರ್ಥ ಮಾಡುವ ಅಧಿಕಾರ ಇದ್ದವರೇ ಅವರ ಪರ ನಿಂತರು ಅಲ್ವಾ?

ಕಾನೂನು ಕಣ್ಣು

ಆ ಸಭೆ ನೋಡಿದ್ದು ಮೂವರು ಸೇರಿ ಪ್ರಧಾನ ಪೀಠವನ್ನು ಇಳಿಸಬಹುದಾ ಅನ್ನುವುದನ್ನು. ವಿಧಾನ ತಪ್ಪು ಅಂತ ಆದರೆ ಮೂಲ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಯಿತಾ?

ಗಂಗಾವತಿ ಗೆಳೆಯ

ಆ ಮೂವರು ನಿಜವಾಗಿ ನಿಯಮದ ಚಿಂತೆಯಿಂದ ಕೇಳಿದ್ದಾ? 1960ರಿಂದ 1972ರವರೆಗೆ ಹನ್ನೆರಡು ವರ್ಷ ಆ ನಿಯಮ ಎಲ್ಲಿತ್ತು? ಅವರ ಸಿಟ್ಟು ಬೇರೆ. ಮಕಾರಿಯೋಸ್ ಗ್ರೀಸ್ ಜೊತೆ ವಿಲೀನ, ಅಂದರೆ ಎನೊಸಿಸ್, ಕೈಬಿಟ್ಟರು ಅಂತ. ಅಥೆನ್ಸ್‌ನಲ್ಲಿ ಆಗ ಮಿಲಿಟರಿ ಸರ್ಕಾರ. ಅವರಿಗೂ ಇವರು ಬೇಡವಾಗಿದ್ದರು. ಧರ್ಮದ ನಿಯಮ ಒಂದು ಆಯುಧ ಆಯಿತು ಅಷ್ಟೇ.

ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. ಕೈರೇನಿಯಾದ ಬಿಷಪ್ ಕಿಪ್ರಿಯಾನೋಸ್ ಯಾರು ಗೊತ್ತಾ? 1956ರಲ್ಲಿ ಬ್ರಿಟಿಷರು ಮಕಾರಿಯೋಸ್ ಅವರನ್ನು ಗಡಿಪಾರು ಮಾಡಿದಾಗ ಅವರ ಜೊತೆಗೇ ಅದೇ ವಿಮಾನದಲ್ಲಿ ಹೋದವರು. ಸೀಶೆಲ್ಸ್ ದ್ವೀಪದಲ್ಲಿ ಒಂದೇ ಮನೆಯಲ್ಲಿ ಒಂದು ವರ್ಷ ಇದ್ದವರು. 1973ರಲ್ಲಿ ಇಳಿಸಲು ಸಹಿ ಹಾಕಿದ ಮೂವರಲ್ಲಿ ಅವರೂ ಒಬ್ಬರು.

ಬೆಳಗಾವಿ ಬಸು

ಗಡಿಪಾರು ಕಥೆ ಸ್ವಲ್ಪ ಹೇಳ್ರಿ. ನನಗೆ ಇವರ ಹೆಸರೇ ಹೊಸದು.

ಓದುಬಾಕ

ಬಸು ಅವರೇ, ಚಿಕ್ಕದಾಗಿ ಹೇಳುತ್ತೇನೆ.

ಬ್ರಿಟಿಷರು 1878ರಲ್ಲಿ ಆಟೊಮನ್ನರಿಂದ ಸೈಪ್ರಸ್ ಆಡಳಿತ ತಗೊಂಡರು. 1925ರಲ್ಲಿ ಅದು ಅಧಿಕೃತವಾಗಿ ಅವರ ವಸಾಹತು. ಗ್ರೀಕರಿಗೆ ಬೇಕಾಗಿದ್ದು ಸ್ವಾತಂತ್ರ್ಯ ಅಲ್ಲ, ಗ್ರೀಸ್ ಜೊತೆ ವಿಲೀನ. 1950ರ ಜನವರಿಯಲ್ಲಿ ಚರ್ಚೇ ಒಂದು ಜನಮತ ನಡೆಸಿತು. ಚರ್ಚುಗಳಲ್ಲಿ ಪುಸ್ತಕ ಇಟ್ಟು ಸಹಿ ಹಾಕಿಸಿದರು. 95.7 ಶೇಕಡಾ ವಿಲೀನಕ್ಕೆ ಹೂಂ ಅಂದರು. ಅದರ ಹಿಂದೆ ಓಡಾಡಿದವರು ಆಗಿನ್ನೂ ಕಿಟಿಯಾನ್ ಬಿಷಪ್ ಆಗಿದ್ದ ಮಕಾರಿಯೋಸ್.

ಬ್ರಿಟಿಷರು ಕಿವಿಗೇ ಹಾಕಿಕೊಳ್ಳಲಿಲ್ಲ. ಸೂಯೆಜ್‌ನಿಂದ ಸೈನ್ಯದ ಕೇಂದ್ರ ಸೈಪ್ರಸ್‌ಗೆ ಬರುತ್ತಿದ್ದ ಕಾಲ ಅದು. 1955ರ ಏಪ್ರಿಲ್ 1ರಂದು ಗ್ರಿವಾಸ್ ಅನ್ನುವ ಕರ್ನಲ್ ನೇತೃತ್ವದಲ್ಲಿ, ವಿಲೀನಕ್ಕಾಗಿ ಹೋರಾಡುವ ಇಯೋಕಾ ಅನ್ನುವ ಗುಪ್ತ ಸಂಘಟನೆಯ ಬಾಂಬ್ ದಾಳಿ ಶುರು. ಅದೇ ತಿಂಗಳು ಮಕಾರಿಯೋಸ್ ಬಾಂಡುಂಗ್ ಸಮ್ಮೇಳನಕ್ಕೆ ಹೋಗಿದ್ದರು, ನೆಹರೂ, ನಾಸರ್ ಎಲ್ಲ ಇದ್ದ ಜಾಗ. ಗವರ್ನರ್ ಹಾರ್ಡಿಂಗ್ ಜೊತೆ ತಿಂಗಳುಗಟ್ಟಲೆ ಮಾತುಕತೆ ನಡೆದು ಮುರಿದುಬಿತ್ತು. 1956ರ ಮಾರ್ಚ್ 9ರಂದು ಅಥೆನ್ಸ್‌ಗೆ ಹೊರಟಿದ್ದವರನ್ನು ನಿಕೋಸಿಯಾ ವಿಮಾನ ನಿಲ್ದಾಣದಲ್ಲೇ ಹಿಡಿದು ಸೀಶೆಲ್ಸ್‌ಗೆ ಕಳಿಸಿದರು. ಮುಂದಿನ ವರ್ಷ ಬಿಟ್ಟರು, ಆದರೆ ಸೈಪ್ರಸ್‌ಗೆ ಬರುವ ಹಾಗಿಲ್ಲ. ಅಥೆನ್ಸ್‌ನಲ್ಲಿ ಉಳಿದರು. 1959ರ ಮಾರ್ಚ್ 1ಕ್ಕೆ ಊರಿಗೆ ವಾಪಸ್.

ಬೆಳಗಾವಿ ಬಸು

ಥ್ಯಾಂಕ್ಸ್ ರೀ. ಅಂದರೆ ಬಾಂಬ್ ಹಾಕಿದವರ ಹಿಂದೆ ಇವರೂ ಇದ್ದರಾ? ಪಾದ್ರಿ ಆಗಿ?

ಕಾನೂನು ಕಣ್ಣು

ಇದ್ದರು. ಗ್ರಿವಾಸ್ ಜೊತೆ ಮೊದಲಿನಿಂದ ಸಂಪರ್ಕ ಇತ್ತು, ಯೋಜನೆ ಗೊತ್ತಿತ್ತು. ಆಸ್ತಿಪಾಸ್ತಿ ಹಾಳು ಮಾಡಿ ಸಾಕು, ಪೂರ್ತಿ ಗೆರಿಲ್ಲಾ ಯುದ್ಧ ಬೇಡ ಅನ್ನುವುದು ಅವರ ಮೊದಲಿನ ನಿಲುವಾಗಿತ್ತು. ಆಮೇಲೆ ಹೆಣ ಬೀಳತೊಡಗಿದಾಗ ಗಟ್ಟಿಯಾಗಿ ಖಂಡಿಸಲಿಲ್ಲ. ಖಂಡಿಸಿ ಅಂತ ಹಾರ್ಡಿಂಗ್ ಕೇಳಿದಾಗ ಒಪ್ಪಲಿಲ್ಲ. ಒಬ್ಬ ಬಿಷಪ್ ವಿಷಯದಲ್ಲಿ ಇದನ್ನು ನಾನು ಸುಲಭವಾಗಿ ದಾಟಿ ಹೋಗಲಾರೆ. ಸತ್ತವರಲ್ಲಿ ಬ್ರಿಟಿಷ್ ಸೈನಿಕರಷ್ಟೇ ಅಲ್ಲ, ದ್ರೋಹಿ ಅನ್ನುವ ಹಣೆಪಟ್ಟಿ ಹಚ್ಚಿಸಿಕೊಂಡ ಬಡ ಗ್ರೀಕರೂ ಇದ್ದರು.

ಗಂಗಾವತಿ ಗೆಳೆಯ

ಬ್ರಿಟಿಷರು ಹದಿಹರೆಯದ ಹುಡುಗರನ್ನು ಗಲ್ಲಿಗೆ ಹಾಕಿದ್ದನ್ನೂ ಜೊತೆಗೆ ಬರೆಯಿರಿ ಸರ್. ಎವಾಗೊರಾಸ್ ಪಲ್ಲಿಕರಿಡಿಸ್‌ಗೆ 1957ರಲ್ಲಿ ಗಲ್ಲಾದಾಗ ಹತ್ತೊಂಬತ್ತು ವರ್ಷ.

ಕೊಡಗಿನ ಕುಶಾಲಪ್ಪ

ಇಷ್ಟೆಲ್ಲ ಬರೆದು ನಮ್ಮ ಜನರಲ್ ತಿಮ್ಮಯ್ಯ ಅವರ ಹೆಸರೇ ಯಾರೂ ಎತ್ತಲಿಲ್ಲವಲ್ಲ! ಮಡಿಕೇರಿಯವರು. ಭಾರತದ ಸೇನಾ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ, 1964ರ ಜುಲೈನಲ್ಲಿ, ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ಕಮಾಂಡರ್ ಆಗಿ ಹೋದರು. ಅವರು ಹೋಗಿ ಕೆಲವೇ ವಾರಕ್ಕೆ ತಿಲ್ಲಿರಿಯಾ ಭಾಗದಲ್ಲಿ ಕಾಳಗ ಆಗಿ ತುರ್ಕಿ ವಿಮಾನಗಳು ಬಾಂಬ್ ಹಾಕಿದವು. ಒಂದು ಕಡೆ ಮಕಾರಿಯೋಸ್ ಸರ್ಕಾರ, ಇನ್ನೊಂದು ಕಡೆ ತುರ್ಕರ ಗುಂಪುಗಳು, ಮಧ್ಯೆ ನೀಲಿ ಟೋಪಿಯವರು. ಎರಡೂ ಕಡೆಯವರ ಗೌರವ ಗಳಿಸಿದ್ದರು ತಿಮ್ಮಯ್ಯ. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಮೈಸೂರು ವಾಣಿ

ಕುಶಾಲಪ್ಪ ಅವರೇ, ಅವರ ಮನೆ ಈಗ ಮ್ಯೂಸಿಯಂ ಆಗಿದೆ ಅಲ್ವಾ?

ಕೊಡಗಿನ ಕುಶಾಲಪ್ಪ

ಹೌದು ಅಕ್ಕ. ಸನ್ನಿ ಸೈಡ್ ಅಂತ ಮನೆ ಹೆಸರು, ಮಡಿಕೇರಿಯಲ್ಲೇ. 2021ರಲ್ಲಿ ಉದ್ಘಾಟನೆ ಆಯಿತು. ಹೋಗಿ ಬನ್ನಿ. ಅವರಿಗಿಂತ ಮೊದಲು ಸೈಪ್ರಸ್ ಪಡೆಯ ಮೊದಲ ಕಮಾಂಡರ್ ಆಗಿದ್ದವರೂ ಭಾರತೀಯರೇ, ಜನರಲ್ ಗ್ಯಾನಿ. 1974ರ ಗಲಾಟೆ ಹೊತ್ತಿನಲ್ಲಿ ಇದ್ದವರು ಪ್ರೇಮ್ ಚಂದ್. ಅಂದರೆ ಮೂವರು ಭಾರತೀಯರು.

ದಾವಣಗೆರೆ ಮೇಷ್ಟ್ರು

ದೆಹಲಿಯಲ್ಲಿ ಗಾಲ್ಫ್ ಲಿಂಕ್ಸ್ ಹತ್ತಿರ ಆರ್ಚ್‌ಬಿಷಪ್ ಮಕಾರಿಯೋಸ್ ಮಾರ್ಗ ಅಂತ ರಸ್ತೆಯೇ ಇದೆ. ಅಲಿಪ್ತ ಚಳವಳಿಯ ಕಾಲದ ಸ್ನೇಹ. 1961ರ ಬೆಲ್‌ಗ್ರೇಡ್ ಸಮ್ಮೇಳನದಲ್ಲೂ ಅವರು ಇದ್ದರು.

ಶಿವಮೊಗ್ಗ ಸುಧೀಂದ್ರ

ನಮ್ಮಲ್ಲೂ ಮಠಾಧೀಶರು ಚುನಾವಣೆಗೆ ನಿಲ್ಲುವ ಚರ್ಚೆ ಇದ್ದೇ ಇದೆ. ಉತ್ತರ ಪ್ರದೇಶದಲ್ಲಿ ಗೋರಖನಾಥ ಮಠದ ಮಹಂತರೇ ಮುಖ್ಯಮಂತ್ರಿ ಆದರು. ಹಾಗಾಗಿ ಮಕಾರಿಯೋಸ್ ವಿಷಯ ನಮಗೆ ದೂರದ್ದೇನಲ್ಲ.

ಓದುಬಾಕ

ಸುಧೀಂದ್ರ ಅವರೇ, ಆ ಚರ್ಚೆಗೆ ಬೇರೆ ಎಳೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಶುರುವಾದರೆ ಸೈಪ್ರಸ್ ಮುಗಿದಂತೆಯೇ.

ಬ್ರಹ್ಮಾವರದವ

ಮಾರಾಯ್ರೆ, ಆರ್ಥೊಡಾಕ್ಸ್ ಅಂದ ಕೂಡಲೇ ನಮ್ಮ ಬ್ರಹ್ಮಾವರದ ಚರ್ಚ್ ಬಗ್ಗೆ ಕೇಳುತ್ತಾರೆ. ಅದಕ್ಕೇ ಮೊದಲೇ ಹೇಳುತ್ತೇನೆ. ನಮ್ಮದು ಸಿರಿಯನ್ ಪರಂಪರೆಯ ಆರ್ಥೊಡಾಕ್ಸ್, ಕೇರಳದ ಮಲಂಕರ ಚರ್ಚಿನ ಜೊತೆಗಿನದು. ಸೈಪ್ರಸ್, ಗ್ರೀಸ್, ರಷ್ಯಾದ್ದು ಬೇರೆ ಕವಲು. 451ರ ಚಾಲ್ಸೆಡಾನ್ ಸಭೆಯಲ್ಲಿ ಇಬ್ಬರೂ ಬೇರೆಯಾದರು. ನಮ್ಮಲ್ಲಿ ಹಿರಿಯರು ನೆನೆಯುವುದು ಆಲ್ವಾರಿಸ್ ಮಾರ್ ಜೂಲಿಯಸ್ ಅವರನ್ನು. ಗೋವಾದವರು. ಪೋರ್ಚುಗೀಸ್ ಸರ್ಕಾರವನ್ನು ಪತ್ರಿಕೆಯಲ್ಲಿ ಟೀಕಿಸಿ ಕಷ್ಟಪಟ್ಟರು. ಕೊನೆಗೆ ರೋಮನ್ ಚರ್ಚ್ ಬಿಟ್ಟು 1889ರಲ್ಲಿ ಕೊಟ್ಟಾಯಂನಲ್ಲಿ ಬಿಷಪ್ ಆದರು. ಅಧಿಕಾರದ ಕುರ್ಚಿ ಹತ್ತಲಿಲ್ಲ. ಬಡವರ ಜೊತೆ ಇದ್ದು 1923ರಲ್ಲಿ ತೀರಿಕೊಂಡರು. ಆಡಳಿತ ಹಿಡಿಯದೆಯೂ ಆಡಳಿತವನ್ನು ಪ್ರಶ್ನಿಸಬಹುದು ಅಂತ ನನಗೆ ಅನ್ನಿಸುವುದು ಇವರಿಂದ.

ಕಾನೂನು ಕಣ್ಣು

ಬ್ರಹ್ಮಾವರದವರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಅನ್ಯಾಯದ ವಿರುದ್ಧ ದನಿ ಎತ್ತುವುದು ಬೇರೆ, ಪೊಲೀಸರನ್ನು, ಸೈನ್ಯವನ್ನು, ತೆರಿಗೆಯನ್ನು ಕೈಯಲ್ಲಿ ಹಿಡಿಯುವುದು ಬೇರೆ.

ಹಾಸನದ ಹರೀಶ

ಜಗತ್ತಿನಲ್ಲಿ ಹೀಗೆ ಆರ್ಥೊಡಾಕ್ಸ್ ಬಿಷಪ್ ಒಬ್ಬರು ದೇಶ ಆಳಿದ್ದು ಇದೊಂದೇ ಸಲ.

ದಾವಣಗೆರೆ ಮೇಷ್ಟ್ರು

ಇಲ್ಲ ಹರೀಶ್. ಅಲ್ಬೇನಿಯಾದ ಫಾನ್ ನೋಲಿ ಇದ್ದಾರೆ. ಹಾರ್ವರ್ಡ್‌ನಲ್ಲಿ ಓದಿದ ಆರ್ಥೊಡಾಕ್ಸ್ ಬಿಷಪ್. 1924ರ ಜೂನ್‌ನಿಂದ ಡಿಸೆಂಬರ್‌ವರೆಗೆ ಪ್ರಧಾನಿ. ಜಮೀನ್ದಾರಿ ತೆಗೆಯಬೇಕು ಅಂತ ಹೊರಟರು. ಅವರ ಎದುರಾಳಿ ಝೋಗ್ ಸೈನ್ಯ ಕಟ್ಟಿಕೊಂಡು ಬಂದು ಓಡಿಸಿದ. ಅಮೆರಿಕಕ್ಕೆ ಹೋಗಿ ಚರ್ಚ್ ನೋಡಿಕೊಂಡು, ಶೇಕ್ಸ್‌ಪಿಯರ್‌ನನ್ನು ಅಲ್ಬೇನಿಯನ್ ಭಾಷೆಗೆ ತಂದು ಉಳಿದ ಜೀವನ ಕಳೆದರು. ಗ್ರೀಸ್‌ನಲ್ಲಿ ಅಥೆನ್ಸ್‌ನ ಆರ್ಚ್‌ಬಿಷಪ್ ದಮಸ್ಕಿನೋಸ್ 1944ರ ಕೊನೆಯಿಂದ 1946ರವರೆಗೆ ರಾಜನ ಬದಲು ರಾಜಪ್ರತಿನಿಧಿ ಆಗಿದ್ದರು. ನಡುವೆ ಸ್ವಲ್ಪ ದಿನ ಪ್ರಧಾನಿ ಕೂಡ. ಮಾಂಟೆನೆಗ್ರೊದಲ್ಲಿ 19ನೆಯ ಶತಮಾನದ ನಡುವಿನವರೆಗೂ ಬಿಷಪ್ಪರೇ ದೊರೆಗಳು. ವೋಟು ಪಡೆದು ಇಷ್ಟು ದೀರ್ಘಕಾಲ ಆಳಿದವರು ಅಂದರೆ ಮಕಾರಿಯೋಸ್.

ಹಡಗು ಕಂಪನಿ ಕನ್ನಡಿಗ

ಲಿಮಾಸೋಲ್‌ನಲ್ಲಿ ಕೆಲಸಕ್ಕೆ ಇದ್ದೆ, ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿ ಹಡಗು ಕಂಪನಿಗಳು ತುಂಬಾ. ಭಾರತದವರೂ ಜಾಸ್ತಿ ಸಿಗುತ್ತಾರೆ.

ಮಕಾರಿಯೋಸ್ ಸಮಾಧಿ ಟ್ರೂಡೋಸ್ ಬೆಟ್ಟದ ಥ್ರೋನಿ ಅನ್ನುವ ಕಡೆ ಇದೆ. ಅವರು ಚಿಕ್ಕವರಿದ್ದಾಗ ಸೇರಿದ್ದ ಕಿಕ್ಕೋಸ್ ಮಠದಿಂದ ಸ್ವಲ್ಪ ಮೇಲೆ. ಜಾಗ ಅವರೇ ಆರಿಸಿಟ್ಟಿದ್ದರು. ಹತ್ತು ಮೀಟರ್ ಎತ್ತರದ ಅವರ ಕಂಚಿನ ವಿಗ್ರಹ ಮೊದಲು ನಿಕೋಸಿಯಾದ ಆರ್ಚ್‌ಬಿಷಪ್ ಭವನದ ಮುಂದೆ ಇತ್ತು, 2008ರಲ್ಲಿ ಅಲ್ಲಿಗೆ ಸಾಗಿಸಿದರು. ಗ್ರೀಕ್ ಸಹೋದ್ಯೋಗಿ ಒಬ್ಬರ ತಾಯಿ ಅವರ ಹೆಸರು ಬಂದರೆ ಶಿಲುಬೆ ಗುರುತು ಮಾಡಿಕೊಳ್ಳುತ್ತಾರೆ. ನಿಕೋಸಿಯಾದ ಲೆಡ್ರಾ ಬೀದಿಯ ಗೇಟು ದಾಟಿ, ತುರ್ಕರು ಇರುವ ಉತ್ತರಕ್ಕೆ ಹೋದರೆ ಪೂರ್ತಿ ಬೇರೆ. ಅಲ್ಲಿ ಟೀ ಅಂಗಡಿಯ ವಯಸ್ಸಾದವರೊಬ್ಬರ ಹತ್ತಿರ ಕೇಳಿದ್ದೆ. ಅವರ ಕುಟುಂಬ 1964ರಲ್ಲಿ ಹಳ್ಳಿ ಬಿಟ್ಟು ಓಡಿ ಬಂದಿತ್ತಂತೆ. ಅವರು ಸಿಟ್ಟು ಮಾಡಲಿಲ್ಲ. ಆದರೆ ಆ ಮನುಷ್ಯ ನಮ್ಮ ಅಧ್ಯಕ್ಷ ಯಾವತ್ತೂ ಆಗಿರಲಿಲ್ಲ ಅಂದರು.

ಓದುಬಾಕ

ನಾನು ಹೇಳುತ್ತಿರುವುದು ಇದನ್ನೇ. ನಿಯಮ 6, ನಿಯಮ 81 ಎಲ್ಲ ಚರ್ಚಿನ ಒಳಗಿನ ವಿಷಯ. ಹೊರಗಿನವರಿಗೆ ಕಂಡಿದ್ದು ಬೇರೆ. 1954ರ ಆಗಸ್ಟ್‌ನಲ್ಲಿ ಫನೆರೊಮೆನಿ ಚರ್ಚಿನಲ್ಲಿ ಎನೊಸಿಸ್‌ಗೆ ಪ್ರಮಾಣ ಮಾಡಿಸಿದ ಬಿಷಪ್ಪೇ, 1960ರಲ್ಲಿ ಎನೊಸಿಸ್ ಮಾಡುವುದಿಲ್ಲ ಅನ್ನುವ ಸಂವಿಧಾನದ ಅಧ್ಯಕ್ಷ. ತುರ್ಕರು ಯಾವ ಮಾತನ್ನು ನಂಬಬೇಕು? ನಿಲುವಂಗಿ ತೆಗೆದು ಕೋಟು ಹಾಕಿದ್ದರೆ ಕೊನೆಪಕ್ಷ ಇದು ಹೊಸ ಅಧ್ಯಾಯ ಅಂತ ತೋರಿಸಬಹುದಿತ್ತು.

ಮೈಸೂರು ವಾಣಿ

ಆ ಸಂವಿಧಾನ ಹೇಗಿತ್ತು ಅಂತಲೂ ನೋಡಬೇಕು. 1959ರ ಜ್ಯೂರಿಚ್, ಲಂಡನ್ ಒಪ್ಪಂದದಲ್ಲಿ ಗ್ರೀಸ್, ತುರ್ಕಿ, ಬ್ರಿಟನ್ ಮೂವರು ಬರೆದುಕೊಟ್ಟಿದ್ದು. ಸೈಪ್ರಸ್ ಜನರ ಮುಂದೆ ವೋಟಿಗೇ ಇಡಲಿಲ್ಲ. ಅಧ್ಯಕ್ಷ ಗ್ರೀಕರವನೇ ಆಗಬೇಕು, ಗ್ರೀಕರೇ ವೋಟು ಹಾಕಬೇಕು. ಉಪಾಧ್ಯಕ್ಷ ತುರ್ಕನೇ, ತುರ್ಕರೇ ವೋಟು ಹಾಕಬೇಕು. ಮಕಾರಿಯೋಸ್ ಬದಲು ಕೋಟು ಹಾಕಿದ ವಕೀಲ ಇದ್ದಿದ್ದರೂ ಅವನಿಗೆ ಒಂದೇ ಒಂದು ತುರ್ಕಿ ವೋಟು ಬೀಳುವ ದಾರಿ ಇರಲಿಲ್ಲ. 1959ರ ಡಿಸೆಂಬರ್‌ನಲ್ಲಿ ಅವರ ಎದುರು ನಿಂತಿದ್ದು ವಕೀಲರೇ, ಇಯಾನಿಸ್ ಕ್ಲೆರಿಡಿಸ್. ಗೆದ್ದಿದ್ದರೆ ಅವರೂ ಒಂದೇ ಸಮುದಾಯದ ಅಧ್ಯಕ್ಷರೇ ಆಗುತ್ತಿದ್ದರು. ಜನರನ್ನು ಬೇರೆ ಮಾಡಿದ್ದು ನಿಲುವಂಗಿ ಅಲ್ಲ, ಆ ಕಾಗದ.

ಕಾನೂನು ಕಣ್ಣು

ಈ ಮಾತಿಗೆ ಬೆಲೆ ಇದೆ. ಸೇರಿಸುತ್ತೇನೆ. ಸರ್ಕಾರಿ ಕೆಲಸ 70ಕ್ಕೆ 30, ಸೈನ್ಯ 60ಕ್ಕೆ 40, ಸಂಸತ್ತಿನ 50 ಸ್ಥಾನದಲ್ಲಿ 35 ಮತ್ತು 15. ವಿದೇಶಾಂಗ, ರಕ್ಷಣೆಯಲ್ಲಿ ಉಪಾಧ್ಯಕ್ಷರಿಗೂ ವೀಟೋ. ತೆರಿಗೆ ಕಾನೂನಿಗೆ ಎರಡೂ ಸಮುದಾಯದ ಸದಸ್ಯರ ಪ್ರತ್ಯೇಕ ಬಹುಮತ ಬೇಕು. ಐದು ಊರುಗಳಲ್ಲಿ ಎರಡೆರಡು ಪುರಸಭೆ. ಮೂರು ವರ್ಷದಲ್ಲಿ ಗಾಡಿ ನಿಂತುಹೋಯಿತು.

ಆದರೆ ಅದನ್ನು ಸರಿಮಾಡಲು ಅವರು ಹಿಡಿದ ದಾರಿ ನೋಡಿ. 1963ರ ನವೆಂಬರ್ 30ರಂದು ಹದಿಮೂರು ತಿದ್ದುಪಡಿ ಮುಂದಿಟ್ಟರು. ವೀಟೋ ತೆಗೆಯಿರಿ, ಪುರಸಭೆ ಒಂದು ಮಾಡಿ, ಕೆಲಸ ಜನಸಂಖ್ಯೆಗೆ ತಕ್ಕ ಹಾಗೆ. ಸಣ್ಣ ಸಮುದಾಯಕ್ಕೆ ಇದ್ದ ರಕ್ಷಣೆಯೆಲ್ಲ ಒಂದೇ ಪಟ್ಟಿಯಲ್ಲಿ ಹೋಗುತ್ತಿತ್ತು. ಮೂರು ವಾರಕ್ಕೆ ನಿಕೋಸಿಯಾದಲ್ಲಿ ಗುಂಡು ಹಾರಿತು. ನೂರಕ್ಕೂ ಹೆಚ್ಚು ಹಳ್ಳಿಗಳಿಂದ ಸುಮಾರು 25,000 ತುರ್ಕರು ಮನೆ ಬಿಟ್ಟರು. ಮಕಾರಿಯೋಸ್ ಸರ್ಕಾರದ ಒಳಾಡಳಿತ ಸಚಿವರ ಕಡೆಯ ಸಶಸ್ತ್ರ ಗುಂಪುಗಳೇ ಅದರಲ್ಲಿದ್ದವು. ಅಧ್ಯಕ್ಷನ ಹೊಣೆ ಅಂದರೆ ಅದು. ಅಲ್ಲಿ ಅವರು ಸೋತರು.

ಗಂಗಾವತಿ ಗೆಳೆಯ

ಸೋತರು, ನಿಜ. ಆದರೆ ಕಲಿತರು ಕೂಡ. 1968ರ ಜನವರಿಯಲ್ಲಿ, ಬಯಸಿದ್ದು ಬೇರೆ, ಆಗುವುದು ಬೇರೆ, ಆಗುವುದರ ಕಡೆ ನಡೆಯೋಣ ಅಂತ ಬಹಿರಂಗವಾಗಿ ಹೇಳಿದರು. ಎನೊಸಿಸ್ ಪಕ್ಕಕ್ಕಿಟ್ಟ ಹಾಗೇ ಅದು. ತುರ್ಕರ ಓಡಾಟದ ಮೇಲಿದ್ದ ನಿರ್ಬಂಧ ತೆಗೆದರು. ಅದೇ ವರ್ಷ ಗ್ರೀಕರ ಕಡೆಯ ಗ್ಲಾಫ್ಕೋಸ್ ಕ್ಲೆರಿಡಿಸ್ (ಇಯಾನಿಸ್ ಅವರ ಮಗ) ಮತ್ತು ತುರ್ಕರ ಕಡೆಯ ಡೆಂಕ್ಟಾಶ್ ಮಧ್ಯೆ ಮಾತುಕತೆ ಶುರು. ಆ ನಿಲುವಿನ ಮೇಲೇ ಫೆಬ್ರವರಿಯಲ್ಲಿ ಚುನಾವಣೆಗೆ ಹೋದರು, 95 ಶೇಕಡಾ ವೋಟು ಬಂತು. ಎನೊಸಿಸ್ ಅಂತಲೇ ಎದುರು ನಿಂತವರಿಗೆ ಸಿಕ್ಕಿದ್ದು 5 ಶೇಕಡಾಗಿಂತಲೂ ಕಡಿಮೆ.

ಇಷ್ಟು ದೊಡ್ಡ ಕನಸಿನಿಂದ ಜನರನ್ನು ಹೊರಳಿಸಲು ಯಾವ ರಾಜಕಾರಣಿಗೆ ಆಗುತ್ತಿತ್ತು ಹೇಳಿ. ಪೀಠದ ಬಲ ಇದ್ದಿದ್ದಕ್ಕೇ ಆಯಿತು. ಓದುಬಾಕ ಅವರೇ, ನಿಮ್ಮ ವಾದಕ್ಕೆ ಇದು ಎದುರು ನಿಲ್ಲುತ್ತದೆ.

ಓದುಬಾಕ

ನಿಲ್ಲುತ್ತದೆ. ಆದರೆ ಅದಕ್ಕೆ ಅವರು ತೆತ್ತ ಬೆಲೆಯನ್ನೂ ನೋಡಿ. ಕನಸು ಬಿಟ್ಟ ರಾಜಕಾರಣಿಯನ್ನು ಜನ ಸೋಲಿಸುತ್ತಾರೆ. ಪ್ರಮಾಣ ಮುರಿದ ಧರ್ಮಗುರುವನ್ನು ಕೊಲ್ಲಲು ಬರುತ್ತಾರೆ. 1970ರ ಮಾರ್ಚ್ 8ರಂದು ನಿಕೋಸಿಯಾದಲ್ಲಿ ಅವರ ಹೆಲಿಕಾಪ್ಟರ್ ಮೇಲೇರುತ್ತಿದ್ದ ಹಾಗೇ ಗುಂಡು ಹಾರಿಸಿದರು. ಪೈಲಟ್‌ಗೆ ಜೋರಾಗಿ ಪೆಟ್ಟಾಗಿತ್ತು, ಆದರೂ ಇಳಿಸಿದ. ಮಕಾರಿಯೋಸ್‌ಗೆ ಏನೂ ಆಗಲಿಲ್ಲ. ಪೈಲಟ್‌ನನ್ನು ಆಸ್ಪತ್ರೆಗೆ ಸೇರಿಸಿ, ಮಖೇರಾಸ್ ಮಠದಲ್ಲಿ ಹುತಾತ್ಮರೊಬ್ಬರ ನೆನಪಿನ ಪ್ರಾರ್ಥನೆ ಇತ್ತಲ್ಲ, ಅಲ್ಲಿಗೇ ಹೋದರು.

ಬೆಳಗಾವಿ ಬಸು

ಗುಂಡು ತಪ್ಪಿದ ದಿನವೇ ಹೋದರಾ? ಗಟ್ಟಿ ಮನುಷ್ಯ ಬಿಡ್ರಿ.

ಹಾಸನದ ಹರೀಶ

1974ರಲ್ಲಿ ಏನಾಯಿತು ಅಂತ ಯಾರಾದರೂ ಬರೆಯಿರಿ. ತುರ್ಕಿ ಸುಮ್ನೆ ಬಂದು ಹಿಡಿದುಕೊಂಡಿತು ಅಂತ ಕೇಳಿದ್ದೆ.

ಗಂಗಾವತಿ ಗೆಳೆಯ

ಸುಮ್ನೆ ಬರಲಿಲ್ಲ, ಬಾಗಿಲು ತೆರೆದುಕೊಟ್ಟವರು ಗ್ರೀಸ್‌ನ ಸೇನಾಧಿಕಾರಿಗಳು.

ಗ್ರಿವಾಸ್ 1971ರಲ್ಲಿ ಕದ್ದು ವಾಪಸ್ ಬಂದು ಇಯೋಕಾ-ಬಿ ಕಟ್ಟಿದ. ಈ ಸಲ ಗುರಿ ಮಕಾರಿಯೋಸ್. 1974ರ ಜನವರಿಯಲ್ಲಿ ಗ್ರಿವಾಸ್ ಸತ್ತ, ಗುಂಪು ಅಥೆನ್ಸ್ ಮಿಲಿಟರಿಯ ಕೈಗೆ ಹೋಯಿತು. ಜುಲೈ 2ಕ್ಕೆ ಮಕಾರಿಯೋಸ್ ಗ್ರೀಸ್ ಅಧ್ಯಕ್ಷ ಗಿಜಿಕಿಸ್‌ಗೆ ಪತ್ರ ಬರೆದರು. ನಮ್ಮ ರಾಷ್ಟ್ರೀಯ ಪಡೆಯಲ್ಲಿರುವ ನಿಮ್ಮ ಅಧಿಕಾರಿಗಳನ್ನು ವಾಪಸ್ ಕರೆಸಿಕೊಳ್ಳಿ ಅಂತ. ಹೆದರದೆ ಬರೆದ ಪತ್ರ ಅದು.

ಜುಲೈ 15, ಸೋಮವಾರ ಬೆಳಿಗ್ಗೆ. ಅಧ್ಯಕ್ಷರ ಭವನದಲ್ಲಿ ಕೈರೋದಿಂದ ಬಂದ ಗ್ರೀಕ್ ಶಾಲಾಮಕ್ಕಳನ್ನು ಮಾತಾಡಿಸುತ್ತಿದ್ದರು. ಟ್ಯಾಂಕುಗಳು ಬಂದವು, ಗುಂಡು ಶುರುವಾಯಿತು. ಮಕ್ಕಳನ್ನು ನೆಲದ ಮೇಲೆ ಮಲಗಿಸಿ ಕಾಪಾಡಿದರು. ಹಿಂಬದಿಯಿಂದ ತಪ್ಪಿಸಿಕೊಂಡು ಕಾರು ಹಿಡಿದು ಕಿಕ್ಕೋಸ್ ಮಠ, ಅಲ್ಲಿಂದ ಪಾಫೋಸ್. ಅಷ್ಟರಲ್ಲಿ ರೇಡಿಯೊದಲ್ಲಿ ಮಕಾರಿಯೋಸ್ ಸತ್ತ ಅಂತ ಸಾರಿಬಿಟ್ಟಿದ್ದರು. ಪಾಫೋಸ್‌ನ ಪುಟ್ಟ ಕೇಂದ್ರದಿಂದ ತಮ್ಮ ದನಿಯಲ್ಲೇ ಬದುಕಿದ್ದೇನೆ ಅಂತ ಹೇಳಿದರು. ಬ್ರಿಟಿಷ್ ಹೆಲಿಕಾಪ್ಟರ್ ಅಕ್ರೋತಿರಿ ನೆಲೆಗೆ ಒಯ್ದಿತು. ಗಡಿಪಾರು ಮಾಡಿದವರೇ ಜೀವ ಉಳಿಸಿದರು. ಜುಲೈ 19ಕ್ಕೆ ನ್ಯೂಯಾರ್ಕ್‌ನಲ್ಲಿ ಭದ್ರತಾ ಮಂಡಳಿಯ ಮುಂದೆ ನಿಂತು, ಇದು ಗ್ರೀಸ್ ಮಾಡಿದ ಆಕ್ರಮಣ ಅಂದರು. ಮಾರನೇ ದಿನ ಬೆಳಗಾಗುವ ಹೊತ್ತಿಗೆ ತುರ್ಕಿ ಸೈನ್ಯ ಕೈರೇನಿಯಾ ತೀರದಲ್ಲಿ ಇಳಿಯಿತು.

ಹಡಗು ಕಂಪನಿ ಕನ್ನಡಿಗ

ಆಗಸ್ಟ್ 14ಕ್ಕೆ ಎರಡನೇ ಸುತ್ತು. ದ್ವೀಪದ ಹೆಚ್ಚುಕಮ್ಮಿ 36 ಶೇಕಡಾ ತುರ್ಕಿ ಸೈನ್ಯದ ಕೈಗೆ ಹೋಯಿತು. ಗ್ರೀಕರು ದಕ್ಷಿಣಕ್ಕೆ, ತುರ್ಕರು ಉತ್ತರಕ್ಕೆ. ಎರಡೂ ಕಡೆ ಸೇರಿ ಕಾಣೆಯಾದವರ ಪಟ್ಟಿಯಲ್ಲಿ ಎರಡು ಸಾವಿರ ಹೆಸರು ಇದ್ದವು, ಇವತ್ತಿಗೂ ಮೂಳೆ ಹುಡುಕಿ ಮನೆಯವರಿಗೆ ಕೊಡುತ್ತಿದ್ದಾರೆ. ನಿಕೋಸಿಯಾದ ಹಳೆ ವಿಮಾನ ನಿಲ್ದಾಣ, ಅವರನ್ನು 1956ರಲ್ಲಿ ಹಿಡಿದ ಅದೇ ನಿಲ್ದಾಣ, ಅಂದಿನಿಂದ ಮುಚ್ಚಿದೆ.

ಕಾನೂನು ಕಣ್ಣು

ಆಗ ಅಧ್ಯಕ್ಷ ಅಂತ ಕೂರಿಸಿದ ನಿಕೋಸ್ ಸ್ಯಾಂಪ್ಸನ್ ಬಗ್ಗೆಯೂ ಒಂದು ಮಾತು. ಬಂದೂಕಿನ ಮನುಷ್ಯ, ತುರ್ಕರು ಕೇಳಿದರೆ ಹೆದರುತ್ತಿದ್ದ ಹೆಸರು. ಎಂಟು ದಿನ ಇದ್ದ. ಮಕಾರಿಯೋಸ್ ಮೇಲೆ ನನಗೆ ಎಷ್ಟೇ ತಕರಾರು ಇರಲಿ, ಅವರನ್ನು ಇಳಿಸಿ ಇವನನ್ನು ತಂದವರು ಆ ದ್ವೀಪಕ್ಕೆ ಮಾಡಿದ್ದು ದೊಡ್ಡ ಅನ್ಯಾಯ.

ಮೈಸೂರು ವಾಣಿ

ಕೊನೆಗೂ ಒಂದರಲ್ಲಿ ಒಪ್ಪಿದೆವು ಸರ್.

1974ರ ಡಿಸೆಂಬರ್‌ನಲ್ಲಿ ವಾಪಸ್ ಬಂದು ಮತ್ತೆ ಅಧ್ಯಕ್ಷರಾದರು. 1977ರ ಫೆಬ್ರವರಿ 12ರಂದು ಡೆಂಕ್ಟಾಶ್ ಜೊತೆ ಕೂತು, ಎರಡು ಸಮುದಾಯದ ಒಕ್ಕೂಟ ರಾಜ್ಯ ಅನ್ನುವುದಕ್ಕೆ ಒಪ್ಪಿದರು. ನಾಲ್ಕು ಅಂಶದ ಸಣ್ಣ ಕಾಗದ. ಇವತ್ತಿನ ಮಾತುಕತೆಗೂ ಅದೇ ಬುನಾದಿ. ಆಗಸ್ಟ್ 3ಕ್ಕೆ ಹೃದಯಾಘಾತ, ವಯಸ್ಸು 63. ಇನ್ನು ಹತ್ತು ವರ್ಷ ಇದ್ದಿದ್ದರೆ ಅದನ್ನು ಜನರಿಗೆ ಒಪ್ಪಿಸುತ್ತಿದ್ದರು ಅಂತ ನನ್ನ ನಂಬಿಕೆ.

ಕಾನೂನು ಕಣ್ಣು

ನನಗೆ ಆ ನಂಬಿಕೆ ಇಲ್ಲ. ಇದೇ ಹಂಚಿಕೆಯ ಮಾತನ್ನು 1972ರ ಹೊತ್ತಿಗೆ ಇನ್ನೂ ಕಡಿಮೆ ಬೆಲೆಗೆ ಪಡೆಯಬಹುದಿತ್ತು. ತುರ್ಕರು ಆಗ ಕೇಳುತ್ತಿದ್ದದ್ದು ಸ್ಥಳೀಯ ಆಡಳಿತದ ಹಕ್ಕು ಅಷ್ಟೇ. ಕ್ಲೆರಿಡಿಸ್ ಒಪ್ಪೋಣ ಅಂದರು, ಮಕಾರಿಯೋಸ್ ಎಳೆದಾಡಿದರು.

ಬ್ರಹ್ಮಾವರದವ

ಒಂದು ಬೇರೆ ವಿಷಯ ಕೇಳುತ್ತೇನೆ. ಅಧ್ಯಕ್ಷಗಿರಿಯ ಗದ್ದಲದಲ್ಲಿ ಬಿಷಪ್ ಆಗಿ ಏನು ಮಾಡಿದರು? ಅದನ್ನು ಯಾರೂ ಹೇಳಲಿಲ್ಲ.

ದಾವಣಗೆರೆ ಮೇಷ್ಟ್ರು

ಕೀನ್ಯಾ ನೋಡಿ. ಅಲ್ಲಿ ಬ್ರಿಟಿಷರ ಮಿಷನ್‌ಗಳಿಂದ ಬೇರೆಯಾಗಿ ಆಫ್ರಿಕನ್ನರೇ ಕಟ್ಟಿಕೊಂಡ ಆರ್ಥೊಡಾಕ್ಸ್ ಚರ್ಚ್ ಇತ್ತು. ಮಾವು ಮಾವು ದಂಗೆಯ ಕಾಲದಲ್ಲಿ ಬ್ರಿಟಿಷರು ಅದರ ಬಾಗಿಲು ಮುಚ್ಚಿಸಿದ್ದರು. 1957ರಲ್ಲಿ ಸೀಶೆಲ್ಸ್‌ನಿಂದ ಬಿಡುಗಡೆಯಾಗಿ ಬರುವಾಗ ಮಕಾರಿಯೋಸ್ ನೈರೋಬಿಯಲ್ಲಿ ಇಳಿದಿದ್ದರು. 1971ರಲ್ಲಿ ಅಧ್ಯಕ್ಷರಾಗಿ ಮತ್ತೆ ಹೋಗಿ ಸಾವಿರಾರು ಜನರಿಗೆ ದೀಕ್ಷಾಸ್ನಾನ ಕೊಟ್ಟರು. ಪಾದ್ರಿಗಳನ್ನು ತಯಾರು ಮಾಡುವ ಒಂದು ಶಾಲೆಗೆ ಬುನಾದಿ ಹಾಕಿದರು. ಅವರು ಹೋದ ಮೇಲೆ, 1980ರ ದಶಕದಲ್ಲಿ ಅದು ಶುರುವಾಯಿತು, ಅವರ ಹೆಸರಿನಲ್ಲೇ ನಡೆಯುತ್ತಿದೆ. ವಸಾಹತು ಆಳ್ವಿಕೆ ಕಂಡ ಎರಡು ಜನ ಚರ್ಚ್ ಮೂಲಕ ಹತ್ತಿರವಾದರು. ಅವರ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಬ್ರಹ್ಮಾವರದವ

ಇದು ಗೊತ್ತೇ ಇರಲಿಲ್ಲ. ಒಳ್ಳೆಯದಾಯಿತು ಹೇಳಿದ್ದು.

ಶಿವಮೊಗ್ಗ ಸುಧೀಂದ್ರ

ಅವರ ನಂತರ ಬಂದ ಆರ್ಚ್‌ಬಿಷಪ್ಪರೂ ಅಧ್ಯಕ್ಷರಾದರಾ?

ಓದುಬಾಕ

ಇಲ್ಲ. 1977ರಲ್ಲೇ ಎರಡೂ ಬೇರೆ ಆಯಿತು. ಪೀಠಕ್ಕೆ ಕ್ರಿಸೊಸ್ಟೊಮೋಸ್, ಅಧ್ಯಕ್ಷರಾಗಿ ಸ್ಪೈರೋಸ್ ಕಿಪ್ರಿಯಾನು. ಆಮೇಲೆ ಯಾವ ಬಿಷಪ್ಪೂ ಆ ಕುರ್ಚಿ ಕೇಳಿಲ್ಲ. ಜನರೂ ಕರೆದಿಲ್ಲ.

ಗಂಗಾವತಿ ಗೆಳೆಯ

ಕುರ್ಚಿ ಬೇರೆ ಆಯಿತು, ಮಾತು ಬೇರೆ ಆಗಲಿಲ್ಲ. 2004ರ ಏಪ್ರಿಲ್‌ನಲ್ಲಿ ದ್ವೀಪವನ್ನು ಮತ್ತೆ ಒಂದು ಮಾಡುವ ವಿಶ್ವಸಂಸ್ಥೆಯ ಅನಾನ್ ಯೋಜನೆ ಮೇಲೆ ಜನಮತ ನಡೆದಾಗ ಎಷ್ಟೋ ಬಿಷಪ್ಪರು ಬೇಡ ಅಂತ ಬಹಿರಂಗವಾಗಿ ಹೇಳಿದರು. ಗ್ರೀಕರಲ್ಲಿ 76 ಶೇಕಡಾ ಬೇಡ ಅಂದರು, ತುರ್ಕರಲ್ಲಿ 65 ಶೇಕಡಾ ಬೇಕು ಅಂದರು. ವೋಟು ಕೇಳದೆ, ಹೊಣೆ ಹೊರದೆ ದೂರ ನಿಂತು ಹೇಳುವ ಬಿಷಪ್‌ಗಿಂತ, ಚುನಾವಣೆಗೆ ನಿಂತು ಗುಂಡಿಗೆ ಎದೆಕೊಟ್ಟ ಮಕಾರಿಯೋಸ್ ಮೇಲು ಅಂತ ನಾನು ಹೇಳುತ್ತೇನೆ.

ಕಾನೂನು ಕಣ್ಣು

ದೂರ ನಿಂತ ಬಿಷಪ್‌ನ ಮಾತನ್ನು ಜನ ತಳ್ಳಿಹಾಕಬಹುದು. ಅಧ್ಯಕ್ಷನೂ ಆದ ಬಿಷಪ್‌ನ ಆದೇಶವನ್ನು ತಳ್ಳಿಹಾಕಲು ಆಗುತ್ತಾ? 1972ರ ಮಾತುಕತೆ ಬಗ್ಗೆ ನಾಳೆ ವಿವರವಾಗಿ ಬರೆಯುತ್ತೇನೆ, ವಾಣಿ ಮೇಡಂ ತಯಾರಾಗಿರಿ.

ಮೈಸೂರು ವಾಣಿ

ಬರೆಯಿರಿ ಸರ್. ಕ್ಲೆರಿಡಿಸ್ ಕಡೆಯದಷ್ಟೇ ಅಲ್ಲ, ಆಗ ಅಥೆನ್ಸ್‌ನಿಂದ ಅವರ ಮೇಲಿದ್ದ ಒತ್ತಡವನ್ನೂ ಸೇರಿಸಿ. ಅದಿಲ್ಲದೆ ನಾನು ಒಪ್ಪುವುದಿಲ್ಲ.